ರಾಜನನ್ನು ಬಿಟ್ಟು ಕೊಯ್ಲಿನವರ ಕಡೆಗೆ

ಹಸ್ತಪ್ರತಿಗಳ ಚಿತ್ರ ನೋಡಿ ಮಧ್ಯಯುಗದ ಯುರೋಪಿನ ಉಡುಪನ್ನು ತಿಳಿಯಲು ಹೊರಟಾಗ ನಾನು ಮೊದಲು ಪಕ್ಕಕ್ಕಿಟ್ಟಿದ್ದು ರಾಜರನ್ನು, ದೇವದೂತರನ್ನು. ದೇವದೂತನ ನಿಲುವಂಗಿ ಚಿತ್ರಕಾರರು ತಲೆಮಾರುಗಳಿಂದ ನಕಲು ಮಾಡುತ್ತ ಬಂದದ್ದು. ಅದನ್ನು ಯಾವ ದರ್ಜಿಯೂ ಹೊಲಿದಿರಬೇಕಾಗಿಲ್ಲ. ಬೆನ್ನು ಬಗ್ಗಿಸಿ ದುಡಿಯುವವರ ಬಟ್ಟೆ ಹಾಗಲ್ಲ. ಅದು ಸರಿಯುತ್ತದೆ, ಸುಕ್ಕಾಗುತ್ತದೆ, ಒಳಗೇನಿದೆಯೆಂದು ಬಿಟ್ಟುಕೊಡುತ್ತದೆ.

ನಾನು ಹೆಚ್ಚು ಹೊತ್ತು ಕುಳಿತದ್ದು ಲಟ್ರೆಲ್ ಸಾಲ್ಟರ್ ಮುಂದೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಜಮೀನುದಾರ ಜೆಫ್ರಿ ಲಟ್ರೆಲ್‌ಗಾಗಿ 1325–1340ರ ಸುಮಾರಿಗೆ ಸಿದ್ಧವಾದ ಈ ಕೀರ್ತನೆಗಳ ಪುಸ್ತಕ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಪುಟದ ಅಡಿಯಲ್ಲಿ ಇಬ್ಬರು ಹೆಂಗಸರು ಬಗ್ಗಿ ಕೊಯ್ಯುತ್ತಿದ್ದಾರೆ, ಮೂರನೆಯವಳು ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡಿದ್ದಾಳೆ. ನಾಟಿಗಿಳಿಯುವಾಗ ನಮ್ಮವರು ಸೀರೆ ಎತ್ತಿ ಕಟ್ಟುವಂತೆ ಮೇಲಂಗಿಯನ್ನು ಎತ್ತಿ ಸಿಕ್ಕಿಸಿದ್ದಾರೆ. ಕೆಳಗೆ ಒಳಗಿನ ಉಡುಪು ಇಣುಕುತ್ತದೆ. ಹೀಗೆ ಸಿಕ್ಕಿಸಿದ ಮೇಲೂ ಕಾಲಾಡಿಸಲು ಜಾಗ ಉಳಿಯಬೇಕಾದರೆ ಅಂಗಿಯ ಘೇರು ಎಷ್ಟಿರಬೇಕು? ನನ್ನ ಇಡೀ ಕೆಲಸ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಮೊದಲು ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಬಣ್ಣ ಬಿಟ್ಟು ಗೆರೆಗಳನ್ನಷ್ಟೇ ಪೆನ್ಸಿಲಿನಲ್ಲಿ ಇಳಿಸಿಕೊಂಡೆ. ಆಮೇಲೆ ಕತ್ತರಿ. ಕೋರಾ ಬಟ್ಟೆ ಅಗ್ಗವೇನೋ ಹೌದು, ಆದರೆ ಗಡುಸಾಗಿ ನಿಲ್ಲುತ್ತದೆ. ಹಳೆಯ ಉಣ್ಣೆ ಶಾಲುಗಳನ್ನು ಸೇರಿಸಿ ಹೊಲಿದು, ತೊಟ್ಟು, ಕೊಯ್ಯುವ ಆ ಹೆಂಗಸರಂತೆಯೇ ಬಗ್ಗಿ ನೋಡಿದಾಗ ಮಡಿಕೆಗಳು ಚಿತ್ರಕ್ಕೆ ಹತ್ತಿರ ಬಂದವು.

ಹೊಲಿಗೆ ಎಲ್ಲಿ ಬರುತ್ತದೆಂದು ಮಾತ್ರ ಇಂಥ ಚಿತ್ರಗಳು ಹೇಳುವುದು ಅಪರೂಪ. ಅದಕ್ಕೆ ಮಣ್ಣಿನೊಳಗಿನ ಸಾಕ್ಷಿ ಬೇಕು. 1921ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಪೌಲ್ ನೋರ್ಲುಂಡ್ ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಸ್ಮಶಾನದಲ್ಲಿ ಅಗೆದು ತೆಗೆದ ಉಣ್ಣೆ ಅಂಗಿಗಳು ಕೋಪನ್‌ಹೇಗನ್ನಿನಲ್ಲಿವೆ. ಪಕ್ಕಗಳಲ್ಲಿ ಉದ್ದನೆಯ ತ್ರಿಕೋನ ತುಂಡುಗಳನ್ನು ಜೋಡಿಸಿದ್ದಾರೆ: ಎದೆಗೆ ಬಿಗಿ, ಕೆಳಗೆ ಧಾರಾಳ. ಕಾಲದಲ್ಲೂ ದೇಶದಲ್ಲೂ ಅವು ಲಿಂಕನ್‌ಶೈರ್‌ನಿಂದ ದೂರವೇ. ಆದರೂ ನನ್ನ ಘೇರಿನ ಲೆಕ್ಕ ಕೂಡಿಬಂದದ್ದು ಆ ತ್ರಿಕೋನಗಳಿಂದಲೇ.

ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ, ಅದೂ ಅನುಮಾನದಿಂದ. ಹಾಳೆಯ ಮೇಲಿನ ನೀಲಿ ಚಿತ್ರಕಾರನ ಬಟ್ಟಲಿನದು, ಬಣ್ಣಗಾರನ ಕೊಪ್ಪರಿಗೆಯದಲ್ಲ. 1363ರ ಇಂಗ್ಲಿಷ್ ಕಾನೂನೊಂದು ಉಳುವವರು, ದನ ಕಾಯುವವರು ಅಗ್ಗದ ಒರಟು ಉಣ್ಣೆಯನ್ನಷ್ಟೇ ಉಡಬೇಕೆಂದಿತು; ಎರಡು ವರ್ಷದೊಳಗೆ ರದ್ದೂ ಆಯಿತು. ಅಂಥ ಕಾನೂನು ಬೇಕಾಯಿತೆಂದರೆ ಹೊಲದಲ್ಲಿ ಯಾರೋ ಒಳ್ಳೆಯ ಬಟ್ಟೆ ತೊಟ್ಟು ಓಡಾಡುತ್ತಿದ್ದರೆಂದೇ ನನ್ನ ಗುಮಾನಿ.