ಲ್ಯಾಪ್‌ಟಾಪ್ ಒಂದು, ಟಿವಿ ಮೂರು: ಮನೆಯೆಲ್ಲ ಒಂದೇ ಚಿತ್ರ ತೋರಿಸುವುದು ಹೇಗೆ?

ಪೂಜೆ ದೇವರ ಕೋಣೆಯಲ್ಲಿ, ಹತ್ತಿರದ ನೆಂಟರು ಚಾವಡಿಯಲ್ಲಿ, ಉಳಿದವರೆಲ್ಲ ಅಂಗಳದ ಚಪ್ಪರದಲ್ಲಿ. ಮೈಕಿನಲ್ಲಿ ಮಂತ್ರ ಕೇಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಬದಿಯಡ್ಕವೋ ಪೆರ್ಲವೋ ಮುಳ್ಳೇರಿಯವೋ, ನಮ್ಮ ಕಾಸರಗೋಡು ಕಡೆಯ ಹಳೆ ಮನೆಗಳಲ್ಲಿ ಇದು ಇದ್ದದ್ದೇ. ಲ್ಯಾಪ್‌ಟಾಪಿಗೆ ಒಂದು ವೆಬ್‌ಕ್ಯಾಮ್ ಸಿಕ್ಕಿಸಿ, ಅದರ ಚಿತ್ರವನ್ನು ಚಾವಡಿ, ಉಪ್ಪರಿಗೆ, ಚಪ್ಪರ ಮೂರೂ ಕಡೆಯ ಟಿವಿಗೆ ಕೊಡಬಹುದು. ಕ್ಯಾಮೆರಾದಲ್ಲೇ ಎಚ್‌ಡಿಎಂಐ ಔಟ್ (ಚಿತ್ರ, ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ಟಿವಿಗೆ ಕೊಡುವ ಕಿಂಡಿ) ಇದ್ದರೆ ಲ್ಯಾಪ್‌ಟಾಪೂ ಬೇಡ.

ಅಂಗಡಿಗೆ ಓಡುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಎಲ್ಲ ಟಿವಿಯಲ್ಲೂ ಒಂದೇ ಹೊತ್ತಿಗೆ ಒಂದೇ ಚಿತ್ರ ಬೇಕಾ, ಅಥವಾ ಅಜ್ಜನಿಗೆ ಯಕ್ಷಗಾನ, ಮಕ್ಕಳಿಗೆ ಕಾರ್ಟೂನ್ ಬೇಕಾ? ಎರಡನೆಯದಾದರೆ ಇಷ್ಟು ರಗಳೆಯೇ ಬೇಡ. ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ಇದೆ. ಕಂಪ್ಯೂಟರಿನಲ್ಲಿರುವ ಮದುವೆ ವಿಡಿಯೋ ನೋಡಬೇಕಾದರೆ ಜೆಲ್ಲಿಫಿನ್‌ನಂಥ ಉಚಿತ ಮೀಡಿಯಾ ಸರ್ವರ್ ಹಾಕಿಕೊಳ್ಳಿ. ಪ್ರತಿ ಟಿವಿಯೂ ತನಗೆ ಬೇಕಾದ ಫೈಲನ್ನು ತಾನೇ ಎಳೆದುಕೊಳ್ಳುತ್ತದೆ.

ಒಂದೇ ಚಿತ್ರ ಎಂದಾದರೆ ನನ್ನ ಓಟು ತಂತಿಗೇ.

ತಂತಿಯ ದಾರಿ

ಅಂಗಡಿಯಲ್ಲಿ ಎಚ್‌ಡಿಎಂಐ ಸ್ಪ್ಲಿಟರ್ ಕೇಳಿ. ಸ್ವಿಚ್ ಅಲ್ಲ. ನೋಡಲಿಕ್ಕೆ ಎರಡೂ ಒಂದೇ ಥರದ ಪೆಟ್ಟಿಗೆ, ಕೆಲಸ ಮಾತ್ರ ತದ್ವಿರುದ್ಧ. ಸ್ಪ್ಲಿಟರಿನಲ್ಲಿ ‘ಇನ್’ ಒಂದೇ, ‘ಔಟ್’ ಹಲವು: ಲ್ಯಾಪ್‌ಟಾಪಿನ ತಂತಿ ‘ಇನ್’ಗೆ, ಟಿವಿಗಳದ್ದು ‘ಔಟ್’ಗೆ. ಸ್ವಿಚ್ಚಿನಲ್ಲಿ ‘ಇನ್’ ಹಲವು. ತನ್ನದೇ ಅಡಾಪ್ಟರ್ ಇರುವ ಸ್ಪ್ಲಿಟರನ್ನೇ ತನ್ನಿ.

ಆಮೇಲೆ ಅಳತೆ. ಕಣ್ಣಳತೆ ನಂಬಬೇಡಿ. ಒಂದು ಹಗ್ಗ ಹಿಡಿದು ತಂತಿ ಹೋಗುವ ದಾರಿಯಲ್ಲೇ ನಡೆಯಿರಿ. ಬಾಗಿಲ ಚೌಕಟ್ಟು ಹತ್ತಿ ಇಳಿಯಬೇಕು, ಮೂಲೆ ಸುತ್ತಬೇಕು, ಉಪ್ಪರಿಗೆಗೆ ಏರಬೇಕು. ಐದು ಮೀಟರ್ ಅಂದುಕೊಂಡದ್ದು ಹನ್ನೆರಡಾಗುವುದು ಹೀಗೆ. 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಸಾಧಾರಣ ಎಚ್‌ಡಿಎಂಐ ಕೇಬಲ್ ಹತ್ತು ಮೀಟರಿನವರೆಗೆ ಸಾಕು. ಅದಕ್ಕಿಂತ ಉದ್ದವಾದರೆ ಚಿತ್ರ ಮಿಣುಕುತ್ತದೆ, ಇಲ್ಲವೇ ಆಗಾಗ ಮಾಯವಾಗುತ್ತದೆ.

ದೂರದ ಟಿವಿಗೆ ಎಕ್ಸ್‌ಟೆಂಡರ್ ಜೋಡಿ ಸಿಗುತ್ತದೆ. ಒಂದು ಡಬ್ಬಿ ಸ್ಪ್ಲಿಟರ್ ಪಕ್ಕದಲ್ಲಿ, ಇನ್ನೊಂದು ಟಿವಿ ಹಿಂದೆ, ನಡುವೆ ಕ್ಯಾಟ್ 6 ತಂತಿ. ಪೂರ್ತಿ ತಾಮ್ರದ್ದೇ ಬೇಕೆಂದು ಹೇಳಿ ತೆಗೆದುಕೊಳ್ಳಿ. ಅಲ್ಯೂಮಿನಿಯಮ್ಮಿಗೆ ತಾಮ್ರ ಸವರಿದ ಅಗ್ಗದ ತಂತಿ ದೂರಕ್ಕೆ ಕೈಕೊಡುತ್ತದೆ. ಇಂಟರ್ನೆಟ್ಟಿನ ತಂತಿಯಂತೆಯೇ ಕಂಡರೂ ಇದನ್ನು ರೂಟರಿಗೆ ಚುಚ್ಚಬೇಡಿ. ಸಾಮಾನ್ಯ ಎಕ್ಸ್‌ಟೆಂಡರುಗಳಲ್ಲಿ ಇದು ಡಬ್ಬಿಯಿಂದ ಡಬ್ಬಿಗೆ ನೇರ ಹೋಗಬೇಕು.

ಎಲ್ಲ ಜೋಡಿಸಿದ ಮೇಲೆ ಮೊದಲು ಟಿವಿಗಳನ್ನು ಹಾಕಿ, ಸರಿಯಾದ ಎಚ್‌ಡಿಎಂಐ ಇನ್‌ಪುಟ್ಟಿಗೆ ತನ್ನಿ. ನಂತರ ಸ್ಪ್ಲಿಟರ್, ಕೊನೆಗೆ ಲ್ಯಾಪ್‌ಟಾಪ್. ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ, ‘ಡೂಪ್ಲಿಕೇಟ್’ ಆರಿಸಿ. ಒಂದು ಟಿವಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಕತ್ತಲೆಯಾ? ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಚಿತ್ರದ ರೆಸಲ್ಯೂಶನ್ (ಸ್ಪಷ್ಟತೆಯ ಮಟ್ಟ) ಎಲ್ಲ ಟಿವಿಗೂ ಆಗುವಷ್ಟಕ್ಕೆ ಇಳಿಸಿ. 4ಕೆ ಟಿವಿ ಜೊತೆ ಹಳೆ ಟಿವಿ ಸೇರಿದಾಗ ಹೀಗಾಗುವುದು ಜಾಸ್ತಿ. ನೆಟ್‌ಫ್ಲಿಕ್ಸ್‌ನಂಥವು ಮಾತ್ರ ಕಪ್ಪಾದರೆ ಅದು ನಕಲು ತಡೆಯುವ ಬೀಗ, ತಂತಿಯದ್ದೇನೂ ತಪ್ಪಿಲ್ಲ.

ಸದ್ದು ಲ್ಯಾಪ್‌ಟಾಪಿನಲ್ಲೇ ಬರುತ್ತಿದ್ದರೆ ಕೆಳಗಿನ ಸ್ಪೀಕರ್ ಗುರುತು ಒತ್ತಿ ಎಚ್‌ಡಿಎಂಐ ಆರಿಸಿ. ಮೈಕ್ ಇದ್ದಲ್ಲಿ ಟಿವಿಯ ಸದ್ದು ಪೂರ್ತಿ ತೆಗೆಯುವುದೇ ಒಳ್ಳೆಯದು. ಎರಡೂ ಒಟ್ಟಿಗೆ ಕೂಗಿದರೆ ಭಟ್ಟರ ಮಂತ್ರ ಎರಡೆರಡು ಸಲ ಕೇಳುತ್ತದೆ.

ವೈಫೈ ಸಾಲದಾ?

ಒಂದು ಟಿವಿಗಾದರೆ ಸಾಕು. ವಿಂಡೋಸ್ ಕೀ ಜೊತೆ ‘ಕೆ’ ಒತ್ತಿ. ಟಿವಿಯಲ್ಲಿ ಸ್ಕ್ರೀನ್ ಮಿರರಿಂಗ್ ತೆರೆದಿಟ್ಟರೆ ಅದರ ಹೆಸರು ಬರುತ್ತದೆ. ಇದು ಮಿರಾಕಾಸ್ಟ್. ಲ್ಯಾಪ್‌ಟಾಪಿನಿಂದ ನೇರ ಟಿವಿಗೆ ಹೋಗುತ್ತದೆ, ಇಂಟರ್ನೆಟ್ ಬೇಡ. ಕ್ರೋಮ್‌ನ ‘ಕಾಸ್ಟ್’ ಹಾಗಲ್ಲ, ಲ್ಯಾಪ್‌ಟಾಪೂ ಟಿವಿಯೂ ಮನೆಯ ಒಂದೇ ವೈಫೈಯಲ್ಲಿರಬೇಕು. ತೊಂದರೆ ಇರುವುದು ಗೋಡೆಯಲ್ಲಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೊರಗುತ್ತದೆ. ಬಂದ ನೆಂಟರಿಗೆಲ್ಲ ಪಾಸ್‌ವರ್ಡ್ ಕೊಟ್ಟರಂತೂ ಕಾಸ್ಟ್ ಮಾಡಿದ ಚಿತ್ರ ನಿಂತು ನಿಂತು ಬರುತ್ತದೆ. ಮಂಗಳಾರತಿ ಮುಗಿಯುವವರೆಗೆ ಪಾಸ್‌ವರ್ಡ್ ‘ನೆನಪಿಲ್ಲ’ ಅಂದರಾಯಿತು!

ಸಿಡಿಲಿನ ಮಾತು

ಇದನ್ನು ಸುಮ್ನೆ ಹೇಳುತ್ತಿಲ್ಲ. ತುಲಾ ಮಾಸದ ಮಳೆ ಕಾಸರಗೋಡಿಗೆ ಬರುವುದೇ ಮಧ್ಯಾಹ್ನದ ಮೇಲೆ, ಗುಡುಗು ಸಿಡಿಲಿನ ಜೊತೆ. ಬೇಸಿಗೆಯ ಕೊನೆಯಲ್ಲೂ ಹಾಗೆಯೇ. ಉದ್ದದ ತಾಮ್ರದ ತಂತಿಗೆ ಕರೆಂಟ್ ನುಗ್ಗಿದರೆ ಒಂದು ಕಡೆಯ ಪೆಟ್ಟು ಮೂರೂ ಟಿವಿಗೆ ತಾಗಬಹುದು. ಮೋಡ ಕಟ್ಟಿದಾಗಲೇ ಪ್ಲಗ್ ತೆಗೆಯಿರಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಕೇಬಲ್ ಟಿವಿಯ ತಂತಿ, ಎಚ್‌ಡಿಎಂಐ, ಕ್ಯಾಟ್ 6 ಎಲ್ಲವನ್ನೂ ಕಳಚಬೇಕು. ಗುಡುಗು ತಲೆಯ ಮೇಲೇ ಬಂದಿದ್ದರೆ ಮುಟ್ಟಲು ಹೋಗಬೇಡಿ. ಅಂಗಳದಾಚೆಯ ಅಡಿಕೆ ಶೆಡ್ಡಿಗೆ ತಾಮ್ರದ ತಂತಿ ಎಳೆಯಲೇಬೇಡಿ, ಅಲ್ಲಿಗೆ ಗಾಜಿನೆಳೆಯಲ್ಲಿ ಬೆಳಕಿನ ಮೂಲಕ ಚಿತ್ರ ಕಳಿಸುವ ಫೈಬರ್ ಎಕ್ಸ್‌ಟೆಂಡರ್ ಇದೆ. ಆಪ್ಟಿಕಲ್ ಎಚ್‌ಡಿಎಂಐ ಎಂದು ಮಾರುವ ಹಲವು ಕೇಬಲ್‌ಗಳ ಒಳಗೆ ತಾಮ್ರದ ಎಳೆಗಳೂ ಇರುತ್ತವೆ, ವಿಚಾರಿಸಿಕೊಳ್ಳಿ.

ಹಿಂದಿನ ದಿನವೇ ಎಲ್ಲ ಹಾಕಿ ಒಂದೆರಡು ಗಂಟೆ ಓಡಿಸಿ ನೋಡಿ. ಸ್ಪ್ಲಿಟರಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿರಲಿ. ಲ್ಯಾಪ್‌ಟಾಪ್ ತಾನಾಗಿ ಮಲಗದಂತೆ ಸ್ಲೀಪ್ ಸೆಟ್ಟಿಂಗನ್ನು ‘ನೆವರ್’ ಮಾಡಿ. ವಾಟ್ಸ್‌ಆ್ಯಪ್ ಮುಚ್ಚಿ, ನೋಟಿಫಿಕೇಶನ್ ಎಲ್ಲ ಆಫ್ ಮಾಡಿ. ಲ್ಯಾಪ್‌ಟಾಪಿಗೆ ಬಂದ ಮೆಸೇಜು ಚಪ್ಪರದಲ್ಲಿ ಕೂತವರೆಲ್ಲರಿಗೂ ಕಾಣುತ್ತದೆ ಅಲ್ವಾ?