ಎಎಲ್‌ಎಸ್ ಸಂಶೋಧನಾ ಸಂಸ್ಥೆಯ ಜೊತೆ ಕೈಜೋಡಿಸುವ ಮುನ್ನ

ಎಎಲ್‌ಎಸ್ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುತ್ತಾ ಹೋಗುತ್ತವೆ. ರೋಗಿಗೆ ಕಾಲಾವಕಾಶ ಕಡಿಮೆಯಿರುವುದರಿಂದ ಭರವಸೆ ಮಾರುವವರಿಗೆ ಇಲ್ಲಿ ಗಿರಾಕಿಗಳ ಕೊರತೆಯಿಲ್ಲ. ಆದ್ದರಿಂದ ಲಾಭರಹಿತ ಸಂಸ್ಥೆಯೊಂದಕ್ಕೆ ಹಣವನ್ನೋ ಸಮಯವನ್ನೋ ಕೊಡುವ ಮುನ್ನ, ಫಲಿಸದೆ ಹೋದ ಪ್ರಯೋಗಗಳ ವಿವರವನ್ನು ಅದು ಪ್ರಕಟಿಸಿದೆಯೇ ಎಂದು ವಿಚಾರಿಸಿ.

ಅಮೆರಿಕದ ಎಎಲ್‌ಎಸ್ ಥೆರಪಿ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಲಾಭರಹಿತ ಪ್ರಯೋಗಾಲಯ, ಇಲಿಗಳಲ್ಲಿ ಗುಣ ಕಂಡಿದೆ ಎಂದು ಹಿಂದೆ ವರದಿಯಾಗಿದ್ದ ಔಷಧಗಳನ್ನು ಹೆಚ್ಚು ಇಲಿಗಳ ಮೇಲೆ, ಬಿಗಿಯಾದ ಕ್ರಮದಲ್ಲಿ ಮತ್ತೆ ಪರೀಕ್ಷಿಸಿತು. ಯಾವುದೂ ಇಲಿಗಳ ಆಯುಷ್ಯವನ್ನು ಗಮನಾರ್ಹವಾಗಿ ಹೆಚ್ಚಿಸಲಿಲ್ಲವೆಂದು 2008ರಲ್ಲಿ ಪ್ರಕಟಿಸಿತು. ಇಂಥ ಬರಹದಿಂದ ದೇಣಿಗೆ ಹರಿದುಬರುವುದಿಲ್ಲ, ನಿಜ. ನನ್ನ ಮಟ್ಟಿಗೆ ವಿಶ್ವಾಸಕ್ಕೆ ಅದೇ ಆಧಾರ.

ಸರ್ಕಾರದ ಮುಂದೆ ರೋಗಿಗಳ ಪರ ವಾದಿಸುವ ಸಂಸ್ಥೆಯಾದರೆ, ಅದು ಏನನ್ನು ಕೇಳಿತು, ಆಮೇಲೆ ಏನಾಯಿತು ಎಂಬುದನ್ನೂ ನೋಡಿ. ತಲೆಯ ಮೇಲೆ ಮಂಜುನೀರು ಸುರಿದುಕೊಂಡು ಎಎಲ್‌ಎಸ್‌ಗಾಗಿ ದೇಣಿಗೆ ಕೂಡಿಸಿದ 2014ರ ಐಸ್ ಬಕೆಟ್ ಚಾಲೆಂಜ್‌ನ ಹಣದಲ್ಲಿ ಒಂದು ಪಾಲು ರೆಲಿವ್ರಿಯೊ ಔಷಧದ ಪ್ರಯೋಗಕ್ಕೆ ಹೋಯಿತು. ರೋಗಿಗಳ ಒತ್ತಾಯದ ನಡುವೆ 2022ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. 2024ರಲ್ಲಿ ದೊಡ್ಡ ಪ್ರಯೋಗ ವಿಫಲವಾಗಿ, ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಬೇಗ ಅನುಮತಿ ಕೊಡಿ ಎಂದದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ದೊಡ್ಡ ಪ್ರಯೋಗವೂ ಮುಗಿಯಲಿ ಎಂಬ ಬೇಡಿಕೆ ಅದರ ಜೊತೆಗಿರಬೇಕು.

ಪ್ರಯೋಗಕ್ಕೆ ಸೇರುವ ಯೋಚನೆಯಿದ್ದರೆ ಅದು ಸಾರ್ವಜನಿಕ ದಾಖಲೆಯಲ್ಲಿ ನೋಂದಣಿಯಾಗಿದೆಯೇ ಎಂದು ಪರಿಶೀಲಿಸಿ, ನಿಮ್ಮ ನರರೋಗ ತಜ್ಞರೊಡನೆ ಮಾತಾಡಿ. ಎಷ್ಟು ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ ಸಿಗುತ್ತದೆ, ಪ್ರಯೋಗ ಮುಗಿದ ಮೇಲೆ ಅವರಿಗೂ ಔಷಧ ಸಿಗುವುದೇ ಎಂದು ಕೇಳಿ. ಸೇರಲು ಶುಲ್ಕ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಣವಿಲ್ಲದವರೂ ಕೊಡಬಹುದಾದದ್ದು ಮಾಹಿತಿ. ರೋಗಿಯ ಸ್ಥಿತಿಯನ್ನು ಅಳೆಯಲು ಪ್ರಯೋಗಗಳಲ್ಲಿ ಬಳಸುವ ಅಳತೆಪಟ್ಟಿಯಲ್ಲಿ 12 ಪ್ರಶ್ನೆಗಳಿದ್ದು, ಮಾತು, ನುಂಗುವಿಕೆ, ಕೈಬರಹ, ಮೆಟ್ಟಿಲು ಹತ್ತುವುದು, ಉಸಿರಾಟ ಮುಂತಾದ ಪ್ರತಿಯೊಂದಕ್ಕೂ 0ರಿಂದ 4ರವರೆಗೆ ಅಂಕ, ಒಟ್ಟು 48. ಕೈಬರಹ ನಿಧಾನವಾದರೂ ಎಲ್ಲ ಪದಗಳನ್ನೂ ಓದಬಹುದಾದರೆ 3, ಕೆಲವು ಓದಲಾಗದಿದ್ದರೆ 2. ತಿಂಗಳಿಗೊಮ್ಮೆ ಒಂದೇ ವಾಕ್ಯವನ್ನು ರೋಗಿಯಿಂದ ಬರೆಸಿ, ತಾರೀಖು ಹಾಕಿಟ್ಟುಕೊಳ್ಳಿ. ಸಂಸ್ಥೆಯ ಅಧ್ಯಯನಕ್ಕೆ ಸೇರುವಾಗ, ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದ ನಂತರವೇ ಈ ದಾಖಲೆಯನ್ನು ಕೊಡಿ.