ಹೆಬ್ಬಾತು ಕತ್ತೆತ್ತಿದರೆ ನಿಂತುಬಿಡಿ: ಚಳಿಗಾಲದಲ್ಲಿ ಹಕ್ಕಿ ನೋಡುವುದು ಹೇಗೆ?

ಮೊದಲು ಒಂದು ಕೆರೆ ಆರಿಸಿಕೊಳ್ಳಿ. ಹತ್ತು ಕೆರೆ ಸುತ್ತುವುದಕ್ಕಿಂತ ಒಂದೇ ಕೆರೆಗೆ ಹತ್ತು ಸಲ ಹೋಗುವುದು ಮೇಲು. ನನ್ನ ಆಯ್ಕೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ‘ರಾಮ್ಸಾರ್’ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಇದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ ದಾಖಲೆ ಇವುಗಳದ್ದು.

ಸಾಮಾನು ಜಾಸ್ತಿ ಬೇಡ. 8x42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನದು) ಸಾಕು. ಇನ್ನೂ ದೊಡ್ಡದಾಗಿ ತೋರಿಸುವುದನ್ನು ಕೊಂಡರೆ ಕೈ ನಡುಗಿದಾಗ ಹಕ್ಕಿಯೂ ನಡುಗುತ್ತದೆ. ಮಣ್ಣಿನ ಬಣ್ಣದ ಬಟ್ಟೆ, ನೀರು, ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ.

ಸೂರ್ಯ ಹುಟ್ಟುವಷ್ಟರಲ್ಲಿ ಕೆರೆಯ ಏರಿಯ ಮೇಲಿರಿ. ಬಿಸಿಲು ಬೆನ್ನಿಗೆ ಬೀಳುವಂತೆ ನಿಲ್ಲಬೇಕು. ಎದುರು ಬಿಸಿಲಾದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ, ಅಲ್ವಾ?

ಇನ್ನು ಹತ್ತಿರ ಹೋಗುವ ವಿಷಯ. ಇದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೇಯುವ ಹಿಂಡಿನಲ್ಲಿ ಮೊದಲು ಒಂದು ಹೆಬ್ಬಾತು ಕತ್ತೆತ್ತುತ್ತದೆ. ಬಿಳಿ ತಲೆ, ಹಿಂಬದಿಗೆ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಕಿತ್ತಳೆ ಕೊಕ್ಕು ಆಗ ಚೆನ್ನಾಗಿ ಕಾಣುತ್ತವೆ. ಅಲ್ಲಿಗೇ ನಿಲ್ಲಿ. ಇನ್ನೆರಡು ಹೆಜ್ಜೆ ಇಟ್ಟರೆ ಪಕ್ಕದ್ದೂ ಕತ್ತೆತ್ತುತ್ತದೆ, ಆಮೇಲೆ ಇಡೀ ಹಿಂಡು. ಮೇವು ನಿಂತಿತು ಎಂದರೆ ನೀವು ಮಿತಿ ದಾಟಿದಿರಿ. ಮೆಲ್ಲಗೆ ಹಿಂದೆ ಸರಿಯಿರಿ, ಸುಮ್ನೆ ಕೂತುಕೊಳ್ಳಿ. ಫೋಟೊಕ್ಕಾಗಿ ಹಿಂಡನ್ನು ಎಬ್ಬಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟು ದೂರ ಹಾರಿ ಬಂದ ಹಕ್ಕಿ ಇಲ್ಲಿ ಹೊಟ್ಟೆ ತುಂಬಿಸಿಕೊಂಡು ಮತ್ತೆ ಅಷ್ಟೇ ದೂರ ಹೋಗಬೇಕು.

ಬಿಸಿಲೇರಿದ ಮೇಲೆ ಹೆಬ್ಬಾತುಗಳು ನೀರಲ್ಲಿ ದಣಿವಾರಿಸಿಕೊಳ್ಳುತ್ತವೆ. ಆಗ ಬಾತುಗಳತ್ತ ತಿರುಗಿ. ಸಲಿಕೆಯಂಥ ಕೊಕ್ಕನ್ನು ನೀರಲ್ಲಿ ಆಚೀಚೆ ಆಡಿಸುತ್ತಾ ಸಾಗುವುದು ಶೊವೆಲರ್. ಬಾಲದ ತುದಿ ಸೂಜಿಯಂತಿದ್ದರೆ ಪಿನ್‌ಟೇಲ್ ಗಂಡು. ಕೆಸರಂಚಿನಲ್ಲಿ ಬಾಲ ಕುಣಿಸುತ್ತಾ ಓಡುವುದು ಸಿಪಿಲೆ.

ಸಂಜೆಗೆ ಎರೆಹೊಲಗಳ ಕಡೆ ನಡೆಯಿರಿ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಳಿಗೆ ಹೆಬ್ಬಾತುಗಳು ಇಳಿಯುತ್ತವೆ. ಎಳೆಯ ಕಡಲೆಯನ್ನೂ ಮೇಯುತ್ತವೆ. ಆ ನಷ್ಟ ರೈತರದ್ದು, ಅದನ್ನು ಮರೆಯಬಾರದು. ಬದುವಿನ ಮೇಲೇ ನಡೆಯಿರಿ. ಒಳಗೆ ಕಾಲಿಡುವ ಮೊದಲು ‘ಅಣ್ಣಾರ, ಹೊಲದಾಗ ಬರಬಹುದೇನ್ರಿ?’ ಎಂದು ಕೇಳಿ. ಹಿಂಡು ನಿನ್ನೆ ಎಲ್ಲಿ ಇಳಿದಿತ್ತು ಎಂಬುದು ಅವರಿಗೇ ಗೊತ್ತಿರುತ್ತದೆ. ಬೆಳೆಯ ಮೇಲೆ ತಗ್ಗಿನಲ್ಲಿ, ರೆಕ್ಕೆಯನ್ನು ‘ವಿ’ ಆಕಾರದಲ್ಲಿ ಎತ್ತಿ ತೇಲುವ ಬೇಟೆ ಹಕ್ಕಿ ಕಂಡರೆ ಅದು ಸೆಳವ (ಹ್ಯಾರಿಯರ್).

ಎಣಿಕೆಗೆ ಒಂದು ಸುಲಭ ದಾರಿ ಇದೆ. ಮೊದಲು ಹತ್ತು ಹಕ್ಕಿ ಎಣಿಸಿ, ಅವು ಹಿಡಿದ ಜಾಗ ಕಣ್ಣಲ್ಲಿಟ್ಟುಕೊಳ್ಳಿ. ಅಂಥ ಎಷ್ಟು ತುಂಡುಗಳಿವೆ ನೋಡಿ. ದಿನ, ಹೊತ್ತು, ಸಂಖ್ಯೆ ಅಲ್ಲೇ ಬರೆಯಿರಿ. ಮನೆಗೆ ಬಂದ ಮೇಲೆ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಸೇರಿಸಿ.

ಹೆಬ್ಬಾತಿನ ಕೊರಳುಗಳನ್ನೂ ಒಂದೊಂದಾಗಿ ನೋಡಿ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವಕ್ಕೆ ಬಣ್ಣದ ಪಟ್ಟಿ ತೊಡಿಸಿ ಬಿಟ್ಟಿರುತ್ತಾರೆ. ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ ಎಲ್ಲವನ್ನೂ ಎರಡು ಸಲ ಓದಿ ಬರೆದುಕೊಳ್ಳಿ.